ಮರಳುಗಾಡಿನ ಹದ್ದು ಮನೆಗೆ ಬೇಕೆ?

ತೂಕ ಎರಡು ಕಿಲೋ. ಉದ್ದ ಒಂದು ಅಡಿಗೆ ಒಂದೇ ಅಂಗುಲ ಕಡಿಮೆ. ನಳಿಕೆಯ ಬಾಯಿ ಅರ್ಧ ಅಂಗುಲ. ಹೆಸರು ‘ಡೆಸರ್ಟ್ ಈಗಲ್’, ಅಂದರೆ ಮರಳುಗಾಡಿನ ಹದ್ದು.

ಇಂಥದೊಂದು ಪಿಸ್ತೂಲು ಲೋಕದಲ್ಲಿದೆ ಎಂಬುದು ಹಿರಿಯರಲ್ಲಿ ಬಹಳ ಮಂದಿಗೆ ಗೊತ್ತಿರಲಾರದು. ಮನೆಯ ಹುಡುಗರನ್ನು ಕೇಳಿ ನೋಡಿ! ‘ಡೀಗಲ್’ ಎಂದು ಮುದ್ದಿನ ಹೆಸರಿಟ್ಟು ಕರೆಯುತ್ತಾರೆ. ‘ಕೌಂಟರ್ ಸ್ಟ್ರೈಕ್’ ಎಂಬ ಕಂಪ್ಯೂಟರ್ ಆಟದಲ್ಲಿ 700 ಡಾಲರ್ ತೆತ್ತರೆ ಅದು ಕೈಗೆ ಬರುತ್ತದೆ. ತಲೆಗೆ ಗುರಿ ಸಿಕ್ಕರೆ ಒಂದೇ ಗುಂಡಿಗೆ ಎದುರಾಳಿ ಮಲಗುತ್ತಾನೆ. 1999ರ ‘ದಿ ಮೇಟ್ರಿಕ್ಸ್’ ಚಿತ್ರದಲ್ಲಿ ಕಪ್ಪು ಕನ್ನಡಕದ ಏಜೆಂಟರು ಹಿಡಿದು ತಿರುಗಿದ್ದೂ ಇದನ್ನೇ.

ಆಟದ ಡಾಲರು ಬೇರೆ, ಅಂಗಡಿಯ ಡಾಲರು ಬೇರೆ. ಓದಲೆಂದೋ ಕೆಲಸಕ್ಕೆಂದೋ ಅಮೆರಿಕಕ್ಕೆ ಹೋದ ಹುಡುಗರಿಗೆ ಅಲ್ಲಿನ ಅನೇಕ ಊರುಗಳಲ್ಲಿ ಬಂದೂಕಿನ ಅಂಗಡಿ ಕಿರಾಣಿ ಅಂಗಡಿಯಷ್ಟೇ ಸಲೀಸಾಗಿ ಕಣ್ಣಿಗೆ ಬೀಳುತ್ತದೆ. ಕೆಲವಕ್ಕೆ ಹಿಂಭಾಗದಲ್ಲೇ ಗುರಿ ಅಭ್ಯಾಸದ ರೇಂಜೂ ಇರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಹದ್ದು ಕೂತಿರುತ್ತದೆ, ಬೆಲೆ ಸುಮಾರು 2,000 ಡಾಲರ್. ‘ವಾರಕ್ಕೊಮ್ಮೆ ರೇಂಜಿಗೆ ಹೋಗಿ ನಾಲ್ಕು ಗುಂಡು ಹಾರಿಸಿದರೆ ಯಾರಿಗೇನು ನಷ್ಟ? ಕೊಂಡುಬಿಡಲೇ?’ ಎಂಬ ಯೋಚನೆ ಬಂದರೆ ಅಚ್ಚರಿಯಿಲ್ಲ. ಫೋನಿನಲ್ಲಿ ಈ ಮಾತು ಕೇಳಿದ ಅಪ್ಪ ಅಮ್ಮ ಗಾಬರಿಗೊಂಡು ಬೈಯುವುದೂ ಸಹಜವೇ. ಆದರೆ ಬೈಗುಳಕ್ಕಿಂತ ಲೆಕ್ಕ ಹಾಕಿ ನೋಡುವುದು ಮೇಲು. ಈ ಪಿಸ್ತೂಲಿನ ವಿಷಯದಲ್ಲಿ ಲೆಕ್ಕಗಳು ಬಹಳ ಸ್ವಾರಸ್ಯವಾಗಿಯೇ ಇವೆ.

ಮೊದಲ ಬಾಗಿಲು ಕಾನೂನು

ಎಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಪಿಸ್ತೂಲಿನ ಗುಣವನ್ನಲ್ಲ, ಪಾಸ್‌ಪೋರ್ಟಿನಲ್ಲಿರುವ ವೀಸಾ ಯಾವುದು ಎಂಬುದನ್ನು. ಎಫ್-1 ವಿದ್ಯಾರ್ಥಿ ವೀಸಾ, ಎಚ್-1ಬಿ ಕೆಲಸದ ವೀಸಾ ಮೊದಲಾದ ತಾತ್ಕಾಲಿಕ ವೀಸಾಗಳ ಮೇಲೆ ಹೋದವರು ಬಂದೂಕನ್ನಾಗಲಿ ಕಾಡತೂಸನ್ನಾಗಲಿ ಹೊಂದಿರುವಂತಿಲ್ಲ ಎಂಬ ನಿಯಮವನ್ನು ಅಮೆರಿಕದ ಕೇಂದ್ರ ಕಾನೂನಿಗೆ 1998ರಲ್ಲಿ ಸೇರಿಸಲಾಯಿತು. ಕೊಳ್ಳುವುದು ಮಾತ್ರವಲ್ಲ, ರೇಂಜಿನಲ್ಲಿ ಬಾಡಿಗೆಗೆ ಪಡೆದು ಹಿಡಿಯುವುದೂ ಇದರೊಳಗೇ ಬರುತ್ತದೆ. ಗೆಳೆಯನ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಫೋಟೊ ತೆಗೆಸಿಕೊಂಡು ಊರಿಗೆಲ್ಲ ಕಳಿಸುವ ಉತ್ಸಾಹಿಗಳು ಇದನ್ನು ಎರಡು ಸಲ ಓದಬೇಕು. ಅಪರಾಧ ಸಾಬೀತಾದರೆ 15 ವರ್ಷದವರೆಗೆ ಸೆರೆ. ವೀಸಾ ಕೈತಪ್ಪಿ ಗಡೀಪಾರಾಗುವ ಭಯ ಬೇರೆ. ಸಾಲ ಮಾಡಿ ಕಳಿಸಿದ ಮನೆಯವರ ಪಾಲಿಗೆ ಇದಕ್ಕಿಂತ ದುಬಾರಿ ಫೋಟೊ ಇನ್ನೊಂದಿಲ್ಲ.

ವಿನಾಯಿತಿ ಇಲ್ಲವೆಂದಲ್ಲ. ಅಲ್ಲಿನ ಯಾವುದಾದರೂ ರಾಜ್ಯ ಕ್ರಮವಾಗಿ ಕೊಟ್ಟ ಬೇಟೆಯ ಲೈಸೆನ್ಸ್ ಚಾಲ್ತಿಯಲ್ಲಿದ್ದರೆ ನಿಷೇಧ ಅನ್ವಯಿಸುವುದಿಲ್ಲ. ಅದು ಇದ್ದವರೂ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲೋ ವಕೀಲರ ಬಳಿಯೋ ಒಮ್ಮೆ ವಿಚಾರಿಸಿಯೇ ಮುಂದುವರಿಯುವುದು ಜಾಣತನ. ಗ್ರೀನ್ ಕಾರ್ಡ್ ಇದ್ದವರಿಗೆ, ಅಲ್ಲೇ ಹುಟ್ಟಿ ಪೌರರಾದ ಮಕ್ಕಳಿಗೆ ಈ ಅಡ್ಡಿಯಿಲ್ಲ. ಆದರೆ ಲೈಸೆನ್ಸ್ ಪಡೆದ ಅಂಗಡಿಗಳು ಪಿಸ್ತೂಲು ಮಾರಲು 21 ವರ್ಷ ತುಂಬಿರಬೇಕೆಂಬ ಕೇಂದ್ರ ನಿಯಮವಿದೆ. ಅದರ ಮೇಲೆ ಕೋರ್ಟುಗಳಲ್ಲಿ ವಾದವೂ ನಡೆದಿದೆ. ಜೊತೆಗೆ ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ ಕಟ್ಟುಪಾಡು.

ಈ ಬಾಗಿಲು ದಾಟಿದವರಿಗೆ ಉಳಿಯುವುದೇ ನಿಜವಾದ ಪ್ರಶ್ನೆ: ರೇಂಜಿನಲ್ಲಿ ಗುರಿ ಹೊಡೆಯುವುದಕ್ಕೆ ಈ ಪಿಸ್ತೂಲು ಸರಿಯೇ?

ಹುಟ್ಟಿದ್ದು ಹೇಗೆ?

‘ಮ್ಯಾಗ್ನಮ್’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ದೊಡ್ಡದು. ಶಾಂಪೇನಿನ ದೊಡ್ಡ ಬಾಟಲಿಗೂ ಇದೇ ಹೆಸರು. 1935ರಲ್ಲಿ ಬಂದ .357 ಮ್ಯಾಗ್ನಮ್, 1950ರ ದಶಕದ ನಡುವೆ ಬಂದ .44 ಮ್ಯಾಗ್ನಮ್, ಇವೆರಡೂ ರಿವಾಲ್ವರಿಗೆಂದು ತಯಾರಾದ, ಮಾಮೂಲಿಗಿಂತ ಹೆಚ್ಚು ಮದ್ದು ತುಂಬಿದ ಕಾಡತೂಸುಗಳು. 1971ರ ‘ಡರ್ಟಿ ಹ್ಯಾರಿ’ ಚಿತ್ರದಲ್ಲಿ ಕ್ಲಿಂಟ್ ಈಸ್ಟ್‌ವುಡ್ .44ರ ರಿವಾಲ್ವರ್ ಹಿಡಿದ ಮೇಲಂತೂ ಆ ಹೆಸರು ಮನೆಮಾತಾಯಿತು.

ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಗೂಡಿನಲ್ಲಿ ಕೂತಿರುತ್ತವೆ. ಸೆಮಿ ಆಟೊಮ್ಯಾಟಿಕ್ ಪಿಸ್ತೂಲಿನಲ್ಲಾದರೆ ಹಿಡಿಕೆಯೊಳಗಿನ ಮ್ಯಾಗಜಿನ್‌ನಿಂದ ಒಂದೊಂದಾಗಿ ಮೇಲೇರಿ ಬರುತ್ತವೆ. ಒಂದು ಸಿಡಿದಾಗ ಅದರ ಬಲದಿಂದಲೇ ಖಾಲಿ ಕೇಸು ಹೊರಗೆ ಹಾರಿ, ಮುಂದಿನದು ಒಳಗೆ ಕೂರುತ್ತದೆ. ಕುದುರೆಯನ್ನು ಒಮ್ಮೆ ಎಳೆದರೆ ಒಂದೇ ಗುಂಡು. ಮ್ಯಾಗ್ನಮ್ ಕಾಡತೂಸಿನ ಒತ್ತಡ ಎಷ್ಟು ಜೋರೆಂದರೆ ಮಾಮೂಲಿ ಪಿಸ್ತೂಲಿನ ಯಂತ್ರಕ್ಕೆ ಅದನ್ನು ತಾಳಿಕೊಳ್ಳುವುದು ಕಷ್ಟ. 1970ರ ದಶಕದ ಆರಂಭದಲ್ಲಿ ‘ಆಟೊ ಮ್ಯಾಗ್’ ಎಂಬ ಪಿಸ್ತೂಲು ಈ ಸಾಹಸಕ್ಕೆ ಕೈಹಾಕಿತು. ಕಂಪನಿ ಬಲುಬೇಗ ದಿವಾಳಿಯೆದ್ದಿತು.

ಮಿನ್ನೆಸೋಟ ರಾಜ್ಯದ ಮ್ಯಾಗ್ನಮ್ ರಿಸರ್ಚ್ ಕಂಪನಿ 1979ರಲ್ಲಿ ಬೇರೆ ದಾರಿ ಹಿಡಿಯಿತು. ರೈಫಲ್ಲಿನ ಉಪಾಯವನ್ನು ಪಿಸ್ತೂಲಿಗೆ ತಂದಿತು. ನಳಿಕೆಯೊಳಗೆ ಒಂದು ಸಣ್ಣ ರಂಧ್ರ. ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲದ ಒಂದು ಪಾಲು ಆ ರಂಧ್ರದಿಂದ ಕೆಳಗಿನ ಕೊಳವೆಗಿಳಿದು ಕೊಂತವನ್ನು ಹಿಂದಕ್ಕೆ ತಳ್ಳುತ್ತದೆ. ಆಗ ತಿರುಗುವ ಬೋಲ್ಟಿನ ಬೀಗ ಬಿಚ್ಚಿಕೊಳ್ಳುತ್ತದೆ. ಇಸ್ರೇಲ್ ಮಿಲಿಟರಿ ಇಂಡಸ್ಟ್ರೀಸ್ ಇದನ್ನು ತಿದ್ದಿ ತೀಡಿ ತಯಾರಿಸಿತು. ಹೆಸರಿನಲ್ಲಿ ಮರಳುಗಾಡು, ಹುಟ್ಟಿದ ಊರು ಹಿಮ ಸುರಿಯುವ ಮಿನ್ನೆಸೋಟ! 1980ರ ದಶಕದಲ್ಲಿ .357 ಮತ್ತು .44 ಬಂದವು. ಅರ್ಧ ಅಂಗುಲ ಅಗಲದ .50 ಬಂದದ್ದು 1991ರಲ್ಲಿ. ಅದಕ್ಕೂ ದೊಡ್ಡ ನಳಿಕೆಗೆ ಅಮೆರಿಕದಲ್ಲಿ ಇನ್ನಷ್ಟು ಬಿಗಿಯಾದ ಕಾನೂನು ಕಾದಿರುತ್ತದೆ. ಹಾಗಾಗಿ ಹದ್ದು ಅಲ್ಲಿಗೆ ನಿಂತಿತು.

ನ್ಯೂಟನ್ನನ ಒದೆ

ಪಿಯುಸಿ ವಿದ್ಯಾರ್ಥಿಗಳು ಇಲ್ಲಿ ಪೆನ್ನು ಹಿಡಿಯಬಹುದು. .50 ಹದ್ದಿನ ಗುಂಡು ಸುಮಾರು 19 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 440 ಮೀಟರ್. ಗುಂಡು ಮುಂದಕ್ಕೆ ಹೋದಷ್ಟೇ ಆವೇಗ ಪಿಸ್ತೂಲಿಗೆ ಹಿಂದಕ್ಕೆ. ಇದು ನ್ಯೂಟನ್ನನ ಮೂರನೆಯ ನಿಯಮ. ಎರಡು ಕಿಲೋದಿಂದ ಭಾಗಿಸಿದರೆ ಪಿಸ್ತೂಲು ಸೆಕೆಂಡಿಗೆ ನಾಲ್ಕು ಮೀಟರಿಗೂ ಹೆಚ್ಚು ವೇಗದಲ್ಲಿ ಕೈಯತ್ತ ಬರುತ್ತದೆ. ನಳಿಕೆಯಿಂದ ಚಿಮ್ಮುವ ಅನಿಲವನ್ನೂ ಸೇರಿಸಿದರೆ ಇನ್ನಷ್ಟು. ಎರಡು ಕಿಲೋ ಉಕ್ಕು, ಸೈಕಲ್ ಓಡುವ ವೇಗದಲ್ಲಿ!

ಅದರ ಶಕ್ತಿಯನ್ನು ಜೌಲ್‌ಗಳಲ್ಲಿ ಲೆಕ್ಕಿಸಿದರೆ 18ರ ಆಸುಪಾಸು. ಇದೇ ರೀತಿ ಲೆಕ್ಕ ಹಾಕಿದರೆ ಪೊಲೀಸರು ಬಳಸುವಂಥ 9 ಮಿ.ಮೀ. ಪಿಸ್ತೂಲಿನ ಒದೆ ಸುಮಾರು ನಾಲ್ಕು ಜೌಲ್. ಕಲಿಯುವವರ ಕೈಗೆ ಕೊಡುವ .22 ಪಿಸ್ತೂಲಿನದು ಕಾಲು ಜೌಲ್ ಮಾತ್ರ. ಹದ್ದಿನ ತೂಕವೇ ಒದೆಯನ್ನು ಒಂದಿಷ್ಟು ನುಂಗಿಕೊಳ್ಳುತ್ತದೆ. ‘ಅಂದುಕೊಂಡಷ್ಟು ಕಷ್ಟವಿಲ್ಲ’ ಎಂದು ಕೆಲವರು ಹೇಳುವುದು ಸುಳ್ಳಲ್ಲ. ಆದರೆ ಅದೇ ತೂಕವನ್ನು ಚಾಚಿದ ಕೈಯಲ್ಲಿ ಅರ್ಧ ಗಂಟೆ ಹಿಡಿಯಬೇಕಲ್ಲ? ಎರಡು ಲೀಟರ್ ನೀರಿನ ಬಾಟಲಿಯನ್ನು ಮುಂದಕ್ಕೆ ಚಾಚಿ, ಅಲುಗಾಡದಂತೆ ಒಂದು ನಿಮಿಷ ಹಿಡಿದು ನೋಡಿದರೆ ಉತ್ತರ ಮನೆಯಲ್ಲೇ ಸಿಗುತ್ತದೆ.

ಯಂತ್ರದ ಹಟಗಳೂ ಕಡಿಮೆಯಿಲ್ಲ. ಮಣಿಕಟ್ಟು ಸಡಿಲವಾದರೆ ಸ್ಲೈಡು ಪೂರ್ತಿ ಹಿಂದೆ ಸರಿಯದೆ ಖಾಲಿ ಕೇಸು ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಡಿಕೆಯ ತಳಕ್ಕೆ ಅಂಗೈ ಒತ್ತಿ ಮ್ಯಾಗಜಿನ್ನನ್ನು ಮೇಲಕ್ಕೆ ತಳ್ಳಿದರೂ ಮುಂದಿನ ಗುಂಡು ಸರಿಯಾಗಿ ಏರುವುದಿಲ್ಲ. ತಾಮ್ರದ ಹೊದಿಕೆಯಿಲ್ಲದ ಬರಿ ಸೀಸದ ಗುಂಡು ಹಾಕಿದರೆ ಅನಿಲದ ರಂಧ್ರಕ್ಕೆ ಸೀಸ ಮೆತ್ತಿಕೊಳ್ಳುತ್ತದೆ. ಅಗ್ಗದ ಗುಂಡಿನ ದಾರಿ ಅಲ್ಲಿಗೆ ಮುಚ್ಚಿತು. ಹಿಡಿಕೆಯೂ ದಪ್ಪ. ಕೈ ಚಿಕ್ಕದಿದ್ದವರ ಬೆರಳು ಕುದುರೆಯನ್ನು ತಲುಪುವುದೇ ಕಷ್ಟ.

ಬೆಚ್ಚುವ ಕೈ

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಇನ್ನೊಂದಿದೆ, ಮತ್ತು ಅಂಗಡಿಯ ಗಾಜಿನಾಚೆಯಿಂದ ಅದು ಕಾಣುವುದಿಲ್ಲ.

ದೀಪಾವಳಿಯಲ್ಲಿ ದೊಡ್ಡ ಪಟಾಕಿಗೆ ಊದುಬತ್ತಿ ಹಿಡಿಯುವ ಹುಡುಗನನ್ನು ನೆನಪಿಸಿಕೊಳ್ಳಿ. ಕಿಡಿ ತಾಗುವ ಮೊದಲೇ ಅವನ ಕಣ್ಣು ಮುಚ್ಚಿರುತ್ತದೆ, ಮುಖ ಪಕ್ಕಕ್ಕೆ ತಿರುಗಿರುತ್ತದೆ, ಕೈ ಹಿಂದಕ್ಕೆ ಬಂದಿರುತ್ತದೆ. ಎಷ್ಟೋ ಸಲ ಬತ್ತಿ ಹೊತ್ತಿಯೇ ಇರುವುದಿಲ್ಲ! ದೊಡ್ಡ ಪಿಸ್ತೂಲು ಹಿಡಿದ ಹೊಸಬನ ಕೈಯೂ ಮಾಡುವುದು ಅದನ್ನೇ. ಸದ್ದು, ಬೆಂಕಿ, ಒದೆ ಮೂರೂ ಬರಲಿವೆಯೆಂದು ಮೆದುಳಿಗೆ ಗೊತ್ತು. ಕುದುರೆ ಎಳೆಯುವ ಕ್ಷಣದಲ್ಲಿ, ಗುಂಡು ಸಿಡಿಯುವ ಮುಂಚೆಯೇ, ಮಣಿಕಟ್ಟು ನಳಿಕೆಯನ್ನು ಕೆಳಕ್ಕೆ ಅದುಮುತ್ತದೆ. ಗುಂಡು ಗುರಿಯ ಕೆಳಗೆ ಹೋಗಿ ಬೀಳುತ್ತದೆ. ಹುಡುಗ ಪಿಸ್ತೂಲಿನ ಗುರಿಕಣ್ಣನ್ನು ದೂರುತ್ತಾನೆ.

ಇಲ್ಲೂ ಒಂದು ಸಣ್ಣ ಲೆಕ್ಕ. ಹದ್ದಿನ ಮುಂದಿನ ಮತ್ತು ಹಿಂದಿನ ಗುರಿಕಣ್ಣುಗಳ ನಡುವೆ ಅಂತರ ಸುಮಾರು 21 ಸೆಂಟಿಮೀಟರ್. ಮುಂದಿನ ಕಣ್ಣು ಒಂದೇ ಒಂದು ಮಿಲಿಮೀಟರ್ ತಗ್ಗಿದರೆ 25 ಮೀಟರ್ ದೂರದಲ್ಲಿ ಗುಂಡು ಸುಮಾರು 12 ಸೆಂಟಿಮೀಟರ್ ಕೆಳಗೆ ಹೋಗುತ್ತದೆ. ಅಂತರರಾಷ್ಟ್ರೀಯ ಸ್ಪರ್ಧೆಯ 25 ಮೀಟರ್ ಗುರಿಹಾಳೆಯಲ್ಲಿ ಹತ್ತು ಅಂಕದ ವೃತ್ತದ ಅಗಲ ಐದೇ ಸೆಂಟಿಮೀಟರ್!

ಬೆಚ್ಚುವುದನ್ನು ಕಂಡುಹಿಡಿಯಲು ತರಬೇತುದಾರರು ಹಳೆಯ ಉಪಾಯವೊಂದನ್ನು ಬಳಸುತ್ತಾರೆ. ನಿಜವಾದ ಕಾಡತೂಸುಗಳ ನಡುವೆ ಮದ್ದಿಲ್ಲದ ಡಮ್ಮಿಯೊಂದನ್ನು, ಯಾವ ಸರದಿಯಲ್ಲಿದೆಯೆಂದು ಹೇಳದೆ, ಸೇರಿಸಿ ಕೊಡುತ್ತಾರೆ. ಹುಡುಗ ಒಂದು, ಎರಡು ಹಾರಿಸುತ್ತಾನೆ. ಮೂರನೆಯದಕ್ಕೆ ‘ಟಿಕ್’ ಎಂಬ ಸದ್ದು ಮಾತ್ರ. ಒದೆ ಇಲ್ಲ, ಹೊಗೆ ಇಲ್ಲ, ಆದರೂ ನಳಿಕೆ ಗಪ್ಪನೆ ಕೆಳಗೆ ಜಗ್ಗುತ್ತದೆ. ಸುತ್ತ ನಿಂತವರೆಲ್ಲ ನೋಡುತ್ತಾರೆ. ಆ ನಾಚಿಕೆಯೇ ಒಳ್ಳೆಯ ಪಾಠ.

ಈ ಚಾಳಿ ಒಮ್ಮೆ ಅಂಟಿದರೆ ಬಿಡಿಸುವುದಕ್ಕೆ ಕಲಿಯುವುದಕ್ಕಿಂತ ಹೆಚ್ಚು ಕಾಲ ಬೇಕು. ಮುಂದೆ ಸಣ್ಣ ಪಿಸ್ತೂಲು ಹಿಡಿದರೂ ಕೈ ಬೆಚ್ಚುತ್ತಲೇ ಇರುತ್ತದೆ. ‘ಮೊದಲು ದೊಡ್ಡದನ್ನೇ ಅಭ್ಯಾಸ ಮಾಡಿಬಿಟ್ಟರೆ ಚಿಕ್ಕದು ಸುಲಭ’ ಎಂಬ ವಾದ ಗುಂಡಿನ ಮಟ್ಟಿಗೆ ತಲೆಕೆಳಗು.

ಅಪಾಯವೂ ಇಲ್ಲೇ ಇದೆ. ಒದೆಗೆ ನಳಿಕೆ ಮೇಲಕ್ಕೆ ಹಾರಿದಾಗ ಹೊಸಬ ಗಾಬರಿಯಿಂದ ಹಿಡಿತ ಬಿಗಿಗೊಳಿಸುತ್ತಾನೆ, ಬೆರಳು ಮತ್ತೊಮ್ಮೆ ಕುದುರೆಯನ್ನು ಎಳೆದುಬಿಡುತ್ತದೆ. ಎರಡನೆಯ ಗುಂಡು ಛಾವಣಿಗೆ! ಆದ್ದರಿಂದಲೇ ತಿಳಿದ ತರಬೇತುದಾರರು ಮೊದಲ ಸಲ ಹಿಡಿಯುವವರಿಗೆ ಒಂದೇ ಒಂದು ಗುಂಡು ತುಂಬಿ ಕೊಡುತ್ತಾರೆ. 2014ರಲ್ಲಿ ಅರಿಜೋನದ ರೇಂಜೊಂದರಲ್ಲಿ ಒಂಬತ್ತು ವರ್ಷದ ಬಾಲಕಿಯ ಕೈಗೆ ಉಜಿ ಸಬ್‌ಮಶಿನ್ ಗನ್ ಕೊಟ್ಟಾಗ ಒದೆಗೆ ಅದು ಕೈಮೀರಿ ತಿರುಗಿ, ಪಕ್ಕದಲ್ಲಿ ನಿಂತು ಕಲಿಸುತ್ತಿದ್ದವನೇ ಪ್ರಾಣ ಕಳೆದುಕೊಂಡ. ಅದು ಬೇರೆ ಜಾತಿಯ ಆಯುಧ, ನಿಜ. ಕೈಗೆ ಮೀರಿದ ಒದೆ ಎಂಬುದು ಮಾತ್ರ ಎರಡಕ್ಕೂ ಸಮಾನ.

ಗುಂಡಿಗೆ ಎರಡು ಡಾಲರ್

ಹಣದ ಮಾತು ಚಿಕ್ಕದು. ಪಿಸ್ತೂಲಿಗೆ 2,000 ಡಾಲರ್ ಒಮ್ಮೆ ತೆತ್ತರೆ ಮುಗಿಯಿತು. .50 ಕಾಡತೂಸು ಒಂದಕ್ಕೆ ಎರಡು ಡಾಲರಿನ ಹತ್ತಿರ; ಮ್ಯಾಗಜಿನ್‌ನಲ್ಲಿ ಹಿಡಿಯುವುದು ಏಳು. ಕಣ್ಣು ಮಿಟುಕಿಸುವಷ್ಟರಲ್ಲಿ 14 ಡಾಲರ್ ಹೊಗೆ. ಗುರಿ ಕಲಿಯಲು ವಾರಕ್ಕೆ ನೂರು ಗುಂಡಾದರೂ ಬೇಕು, ಅಂದರೆ 200 ಡಾಲರ್. ಹತ್ತು ವಾರದಲ್ಲಿ ಇನ್ನೊಂದು ಪಿಸ್ತೂಲಿನ ಬೆಲೆ! ಒಳ್ಳೆಯ .22 ಪಿಸ್ತೂಲು ಸುಮಾರು 500 ಡಾಲರಿಗೆ ಸಿಗುತ್ತದೆ, ಅದರ ನೂರು ಗುಂಡಿಗೆ ಹತ್ತು ಡಾಲರ್ ಸಾಕು. ಹದ್ದು ಕೊಂಡವರಲ್ಲಿ ಅನೇಕರು ತಿಂಗಳಿಗೊಮ್ಮೆ ಎರಡು ಮ್ಯಾಗಜಿನ್ ಹಾರಿಸಿ ಪೆಟ್ಟಿಗೆಗೆ ಸೇರಿಸುವುದರ ಗುಟ್ಟು ಇದೇ ಇರಬೇಕು.

ಹಾಗಾದರೆ ಇದು ಬರಿಯ ಆಟಿಕೆಯೇ? ಅಲ್ಲ. ಲೋಹದ ಪ್ರಾಣಿಬೊಂಬೆಗಳನ್ನು ಉರುಳಿಸುವ ‘ಸಿಲೂಯೆಟ್’ ಎಂಬ ಸ್ಪರ್ಧೆಯಿದೆ. ಮೆಕ್ಸಿಕೊದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದದ್ದು. ದೊಡ್ಡ ಪಿಸ್ತೂಲಿನ ಪಂದ್ಯದಲ್ಲಿ ಕೋಳಿ 50 ಮೀಟರಿನಲ್ಲಿ, ಹಂದಿ 100ರಲ್ಲಿ, ಟರ್ಕಿ 150ರಲ್ಲಿ, ಟಗರು 200ರಲ್ಲಿ. ಇಪ್ಪತ್ತು ಕಿಲೋ ಮೀರಿದ ಉಕ್ಕಿನ ಟಗರಿಗೆ ಗುಂಡು ತಾಗಿದರೆ ಸಾಲದು, ಉರುಳಬೇಕು. ಅಲ್ಲಿ ಮ್ಯಾಗ್ನಮ್ಮಿನ ಬಲಕ್ಕೆ ಅರ್ಥವಿದೆ. ಕೈಬಂದೂಕಿನಿಂದ ಜಿಂಕೆ ಬೇಟೆಯಾಡುವುದು ಕಾನೂನುಬದ್ಧವಾಗಿರುವ ರಾಜ್ಯಗಳಲ್ಲಿ ಬೇಟೆಗಾರರೂ ಇದನ್ನು ಒಯ್ಯುತ್ತಾರೆ. ನಾಲ್ಕೈದು ವರ್ಷ ಸಣ್ಣ ಪಿಸ್ತೂಲಿನಲ್ಲಿ ಪಳಗಿ, ಕೈ ಬೆಚ್ಚದಂತಾಗಿ, ಯಂತ್ರದ ಚಮತ್ಕಾರಕ್ಕೆ ಮರುಳಾಗಿ ಕೊಳ್ಳುವವರನ್ನೂ ತಪ್ಪೆನ್ನಲಾಗದು. ಹಳೆಯ ಜಾವಾ ಮೋಟಾರ್‌ಸೈಕಲ್ಲನ್ನು ಮನೆಯಲ್ಲಿಟ್ಟುಕೊಂಡು ಭಾನುವಾರ ಮಾತ್ರ ಹೊರತೆಗೆಯುವವರು ನಮ್ಮಲ್ಲೂ ಇಲ್ಲವೇ! ಆದರೆ ಅವರೂ ಮೊದಲು ಮಾಡಬೇಕಾದ ಕೆಲಸವೊಂದಿದೆ. ಅನೇಕ ರೇಂಜುಗಳು ಈ ಪಿಸ್ತೂಲನ್ನು ಬಾಡಿಗೆಗೆ ಕೊಡುತ್ತವೆ. ಕಾನೂನಿನ ಅಡ್ಡಿಯಿಲ್ಲದವರು ಎರಡು ಮೂರು ವಾರ, ಪ್ರತಿಸಲ ಒಂದು ಪೆಟ್ಟಿಗೆ ಗುಂಡು ಮುಗಿಸಿ, ಕೊನೆಯ ಏಳು ಗುಂಡುಗಳ ಗುರಿಹಾಳೆಯನ್ನು ಮಡಚಿ ಮನೆಗೆ ತರಲಿ. ಮೊದಲ ಗುಂಡಿನ ರೋಮಾಂಚ ಎಲ್ಲರಿಗೂ ಇರುತ್ತದೆ. ಇಪ್ಪತ್ತನೆಯ ಗುಂಡಿನ ಹೊತ್ತಿಗೂ ಅದು ಉಳಿದಿದೆಯೇ ಎಂಬುದೇ ಕೊಳ್ಳುವ ಮಾತನ್ನು ತೀರ್ಮಾನಿಸುತ್ತದೆ.

ಕಿವಿಗೆ ಒಳಗೊಂದು ಪ್ಲಗ್, ಮೇಲೊಂದು ಮಫ್, ಎರಡೂ ಇರಲಿ. ಮುಚ್ಚಿದ ರೇಂಜಿನಲ್ಲಿ ಇದರ ಸದ್ದಿಗೆ ಪಕ್ಕದ ಸಾಲಿನವರ ಎದೆಯೂ ಅದುರುತ್ತದೆ. ಹಿಂದಿರುಗಿದ ಮೇಲೆ ಊಟಕ್ಕೆ ಮೊದಲು ಕೈ ಮುಖ ತೊಳೆಯಲೇಬೇಕು. ಕೈಗೆ, ಬಟ್ಟೆಗೆ ಅಂಟಿ ಬರುವ ಸೀಸದ ಧೂಳು ಮನೆಯ ಪುಟ್ಟ ಮಕ್ಕಳಿಗೆ ವಿಷ.

ರೇಂಜಿನಿಂದ ಮನೆಗೆ

ಕೊಂಡ ಪಿಸ್ತೂಲು ವಾರದಲ್ಲಿ ಒಂದು ಗಂಟೆ ರೇಂಜಿನಲ್ಲಿರುತ್ತದೆ. ಉಳಿದ 167 ಗಂಟೆ ಮನೆಯಲ್ಲಿ. ಅಪ್ಪ ಅಮ್ಮಂದಿರು ಕೇಳಬೇಕಾದ ಪ್ರಶ್ನೆ ಆ 167 ಗಂಟೆಗಳದು. ಉಕ್ಕಿನ ಪೆಟ್ಟಿಗೆ ಇದೆಯೇ? ಕಾಡತೂಸು ಬೇರೆ ಕಡೆ ಬೀಗದಲ್ಲಿದೆಯೇ? ಅದೇ ಕೋಣೆಯಲ್ಲಿ ಇರುವ ಗೆಳೆಯರು ಎಂಥವರು?

ಇನ್ನೊಂದು ಮಾತನ್ನು ಹೇಳಲು ಮನೆಗಳಲ್ಲಿ ಹಿಂಜರಿಯುತ್ತಾರೆ. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕೊಲೆಗಳಲ್ಲ, ಆತ್ಮಹತ್ಯೆಗಳು. ಒಂಟಿಯಾಗಿ ಬಂದ ಅಪರಿಚಿತರಿಗೆ ಅಲ್ಲಿನ ಅನೇಕ ರೇಂಜುಗಳು ಪಿಸ್ತೂಲು ಬಾಡಿಗೆಗೆ ಕೊಡದಿರುವುದೂ ಈ ಕಾರಣಕ್ಕೇ. ಊರು ಬಿಟ್ಟು ಸಾವಿರಾರು ಮೈಲಿ ದೂರದಲ್ಲಿ, ಚಳಿಗಾಲದ ಕತ್ತಲಲ್ಲಿ, ಪರೀಕ್ಷೆ ಕೈಕೊಟ್ಟ ಅಥವಾ ಕೆಲಸ ಹೋದ ವಾರದಲ್ಲಿ ಒಬ್ಬನೇ ಇರುವ ಹುಡುಗನ ಕೋಣೆಯಲ್ಲಿ ಯಾವ ಪಿಸ್ತೂಲೂ ಇರದಿರುವುದು ಒಳ್ಳೆಯದು. ಅಂಥ ಗಳಿಗೆ ಸಾಮಾನ್ಯವಾಗಿ ಕಳೆದುಹೋಗುತ್ತದೆ. ಕೈಗೆಟಕುವಲ್ಲಿ ಆಯುಧವಿದ್ದರೆ ಕಳೆಯುವಷ್ಟು ಹೊತ್ತೇ ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ಮಗ ಫೋನು ಮಾಡಿದರೆ ಪಿಸ್ತೂಲಿನ ಮಾತು ಬದಿಗಿಟ್ಟು ‘ಊಟ ಆಯಿತೇನಪ್ಪ, ನಿದ್ದೆ ಬರುತ್ತಿದೆಯೇ’ ಎಂದು ಕೇಳುವುದು ಮೊದಲ ಕೆಲಸ.

ಐದು ಜೌಲ್‌ನ ಪಿಸ್ತೂಲು

ಇಷ್ಟು ಓದಿ ‘ನನಗೆ ಬೇಕಾದದ್ದು ಸದ್ದಲ್ಲ, ಗುರಿ’ ಎನ್ನುವ ಹುಡುಗ ಹುಡುಗಿಯರೂ ಇದ್ದಾರೆ. ಕೊಡಗಿನ ಕೈಲ್ ಮುಹೂರ್ತದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತಾರಲ್ಲ, ಅಲ್ಲಿ ಚಪ್ಪಾಳೆ ಕಾಯಿ ಒಡೆದವನಿಗೆ. ಕೋವಿಯ ಗಾತ್ರವನ್ನು ಯಾರೂ ಕೇಳುವುದಿಲ್ಲ. ಅಂಥವರಿಗೆ ಅಮೆರಿಕವೂ ಬೇಡ, ಮ್ಯಾಗ್ನಮ್ಮೂ ಬೇಡ. ಅಂತರರಾಷ್ಟ್ರೀಯ ಸ್ಪರ್ಧೆಯ 25 ಮೀಟರ್ ಪಂದ್ಯಗಳಲ್ಲಿ ಪಿಸ್ತೂಲಿನ ತೂಕ 1,400 ಗ್ರಾಂ ಮೀರುವಂತಿಲ್ಲ. ಹದ್ದು ತಕ್ಕಡಿಯಲ್ಲೇ ಸೋತಿತು!

ಒಲಿಂಪಿಕ್ಸ್‌ನ 10 ಮೀಟರ್ ಏರ್ ಪಿಸ್ತೂಲಿನಲ್ಲಿ ಮದ್ದೇ ಇಲ್ಲ, ಒತ್ತಿ ತುಂಬಿದ ಗಾಳಿಯಷ್ಟೆ. ಅರ್ಧ ಗ್ರಾಂ ತೂಕದ ಸೀಸದ ಪೆಲೆಟ್ಟಿನ ಶಕ್ತಿ ಐದಾರು ಜೌಲ್. ಹದ್ದಿನ ಗುಂಡಿನದು 1,900ರ ಹತ್ತಿರ. ಹತ್ತು ಅಂಕದ ವೃತ್ತ 11.5 ಮಿಲಿಮೀಟರ್, ಅಂಗಿಯ ಗುಂಡಿಯಷ್ಟು. ಬೆಂಗಳೂರಿನ ಪ್ರಕಾಶ್ ನಂಜಪ್ಪ ಸಾಫ್ಟ್‌ವೇರ್ ಎಂಜಿನಿಯರಾಗಿ ಕೆನಡಾದಲ್ಲಿದ್ದವರು. ಹಿಂದಿರುಗಿ ಬಂದು ಇದೇ ಏರ್ ಪಿಸ್ತೂಲು ಹಿಡಿದು 2013ರ ಚಾಂಗ್ವನ್ ವಿಶ್ವಕಪ್ಪಿನಲ್ಲಿ ಕಂಚು, 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು. 2024ರ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದೂ ಇದರಲ್ಲೇ. ಎರಡನೆಯದು ಸರಬ್ಜೋತ್ ಸಿಂಗ್ ಜೊತೆಗೂಡಿ.

ನಮ್ಮ ದೇಶದ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 4.5 ಮಿ.ಮೀ. ನಳಿಕೆಯ, 20 ಜೌಲ್ ಮೀರದ ಗಾಳಿ ಪಿಸ್ತೂಲಿಗೆ ಬಂದೂಕಿನ ಲೈಸೆನ್ಸ್ ಬೇಕಿಲ್ಲ. ಗುರುತಿನ ಮತ್ತು ವಿಳಾಸದ ದಾಖಲೆ ಕೊಟ್ಟು ಕೊಳ್ಳಬಹುದು. ಸ್ಪರ್ಧೆಗೆ ತಕ್ಕ ವಿದೇಶಿ ಪಿಸ್ತೂಲು ಲಕ್ಷ, ಎರಡು ಲಕ್ಷದ ಮಾತು. ಹೆಚ್ಚೂ ಕಡಿಮೆ ಹದ್ದಿನದೇ ಬೆಲೆ. ಅದನ್ನೂ ಆತುರಪಟ್ಟು ಕೊಳ್ಳಬೇಕಿಲ್ಲ. ಕಲಿಸುವ ಕ್ಲಬ್ಬುಗಳಲ್ಲಿ ಮೊದಲ ತಿಂಗಳುಗಳಿಗೆ ಅಲ್ಲಿಯದೇ ಪಿಸ್ತೂಲು ಸಾಕು. ಮೊದಮೊದಲು ಪೆಲೆಟ್ಟನ್ನೂ ಕೊಡದೆ, ಖಾಲಿ ಪಿಸ್ತೂಲನ್ನು ಬಿಳಿ ಗೋಡೆಯತ್ತ ಹಿಡಿಸಿ, ಮುಂದಿನ ಗುರಿಕಣ್ಣು ಅಲುಗದಂತೆ ಕುದುರೆ ಎಳೆಯುವುದನ್ನಷ್ಟೇ ದಿನಗಟ್ಟಲೆ ಮಾಡಿಸುತ್ತಾರೆ.